ಸನದು ಕೇಳದೆ ಪೆಟ್ಟಿಗೆ ಕಟ್ಟಬೇಡಿ

2023ರ ಆಗಸ್ಟ್ ತಿಂಗಳ ಒಂದು ಸಂಜೆ. ಅಸರ್ ನಮಾಝ್ ಮುಗಿಸಿ ಮುಸಲ್ಲಾ ಮಡಚುತ್ತಿದ್ದೆ. ಬಾಗಿಲಲ್ಲಿ ನಮ್ಮ ಬೀದಿಯ ಒಬ್ಬ ಸಹೋದರಿ ನಿಂತಿದ್ದರು. ಜೊತೆಗೆ ಅವರ ಮಗಳು. ಆ ಹುಡುಗಿ ನನ್ನ ಹಳೆಯ ವಿದ್ಯಾರ್ಥಿನಿ. ಏಳನೇ ತರಗತಿಯವರೆಗೆ ನನ್ನ ಬಳಿ ಓದಿದವಳು, ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡು ನೀಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದಿದ್ದಳು. ಆದರೆ ಇಲ್ಲಿ ಸರಕಾರಿ ಸೀಟು ಸಿಗುವಷ್ಟು ಅಂಕ ಇರಲಿಲ್ಲ. ಖಾಸಗಿ ಕಾಲೇಜಿನ ಶುಲ್ಕ ಕೇಳಿ ಅವಳ ಅಬ್ಬಾ ಸುಮ್ಮನಾಗಿಬಿಟ್ಟಿದ್ದರು.

ತಾಯಿ ಸೆರಗಿನ ಗಂಟು ಬಿಚ್ಚಿ ಒಂದು ಕರಪತ್ರವನ್ನು ನನ್ನ ಮುಂದೆ ಇಟ್ಟರು. "ಆಪಾ, ವಿದೇಶದಲ್ಲಿ ಡಾಕ್ಟರ್ ಓದು. ಏಜೆಂಟ್ ಹೇಳಿದಂತೆ ಶುಕ್ರವಾರದೊಳಗೆ ಎರಡು ಲಕ್ಷ ಕಟ್ಟಬೇಕಂತೆ. ನನ್ನ ಬಳೆ, ಲಚ್ಛಾ ಎರಡೂ ಬ್ಯಾಂಕಿಗೆ ಇಡುತ್ತೇನೆ. ನೀವು ಮದ್ರಸದಲ್ಲಿ ಓದಿದವರು. ಹೆಣ್ಣುಮಗಳನ್ನು ಒಬ್ಬಳೇ ಅಷ್ಟು ದೂರ ಕಳಿಸಬಹುದಾ, ಇಲ್ಲವಾ? ಅದೊಂದು ಹೇಳಿಬಿಡಿ" ಎಂದರು.

ನಾನು ಕರಪತ್ರವನ್ನು ಓದಿದೆ. ಅದರ ತಲೆಯಲ್ಲೇ, ವಿದ್ಯೆಗಾಗಿ ಚೀನಾಕ್ಕಾದರೂ ಹೋಗಬೇಕೆಂಬ ಪ್ರಸಿದ್ಧ ಮಾತನ್ನು ಹದೀಸ್ ಎಂದು ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕಿದ್ದರು. ಮದ್ರಸದಲ್ಲಿ ಓದಿದ ಯಾರಿಗಾದರೂ ಗೊತ್ತಿರುವ ವಿಷಯವೇನೆಂದರೆ, ಆ ಮಾತಿನ ಸನದ್ ದುರ್ಬಲವೆಂದು ಹದೀಸ್ ವಿದ್ವಾಂಸರು ಹೇಳಿದ್ದಾರೆ. ವಿದ್ಯಾರ್ಜನೆ ಪ್ರತಿಯೊಬ್ಬ ಮುಸ್ಲಿಮರ ಮೇಲೆ ಕಡ್ಡಾಯವೆಂಬ ಬೇರೆ ಹದೀಸ್ ಇದೆ, ಅದು ಸಾಕು. ಆದರೆ ನನ್ನ ಮನಸ್ಸಿಗೆ ಬಂದದ್ದು ಬೇರೆ ಪ್ರಶ್ನೆ. ಕರಪತ್ರದ ಮೊದಲ ಸಾಲನ್ನೇ ಪರಿಶೀಲಿಸದೆ ಹಾಕಿದವರು ಉಳಿದ ಸಾಲುಗಳನ್ನು ಪರಿಶೀಲಿಸಿರುತ್ತಾರೆಯೇ?

ಸಹೋದರಿಯರೇ, ನಮ್ಮ ಹಿರಿಯರು ಒಂದು ಮಾತನ್ನು ಹದೀಸ್ ಎಂದು ಒಪ್ಪಿಕೊಳ್ಳುವ ಮೊದಲು ಕೇಳುತ್ತಿದ್ದ ಪ್ರಶ್ನೆಗಳು ಬಹಳ ಸರಳ. ಇದನ್ನು ನಿನಗೆ ಯಾರು ಹೇಳಿದರು? ಅವರಿಗೆ ಯಾರು ಹೇಳಿದರು? ಅವರು ನಂಬಿಕೆಗೆ ಅರ್ಹರೇ? ಈ ಸರಪಳಿಗೆ ಸನದ್ ಎನ್ನುತ್ತೇವೆ. ನಮ್ಮ ಮನೆಮಾತಿನಲ್ಲಿ ಓದಿನ ಸರ್ಟಿಫಿಕೇಟಿಗೂ ಸನದ್ ಎಂದೇ ಹೆಸರು. ಸನದಿಗಾಗಿ ಮಕ್ಕಳನ್ನು ಸಮುದ್ರದಾಚೆಗೆ ಕಳಿಸಲು ಸಿದ್ಧರಾಗುವ ನಾವು, ಕಳಿಸುವ ಮೊದಲು ಸನದ್ ಕೇಳುವುದನ್ನು ಮಾತ್ರ ಮರೆಯುತ್ತೇವೆ.

ಕೇಳದೆ ಕಳಿಸಿದ ಒಬ್ಬ ಹುಡುಗ

ಇದನ್ನು ಇನ್ನೊಬ್ಬರಿಗೆ ಉಪದೇಶ ಮಾಡಲು ಹೇಳುತ್ತಿಲ್ಲ. ತಪ್ಪು ನಮ್ಮ ಮನೆಯಲ್ಲೇ ನಡೆದಿದೆ. ನನ್ನ ಅಕ್ಕನ ಮಗ 2018ರ ಸೆಪ್ಟೆಂಬರಿನಲ್ಲಿ ವೈದ್ಯಕೀಯ ಓದಲು ಹೊರದೇಶಕ್ಕೆ ಹೋದ. ನೀಟ್ ಬರೆದಿದ್ದ, ಅರ್ಹತೆ ಸಿಕ್ಕಿರಲಿಲ್ಲ. ಕಳಿಸಿದ ಏಜೆಂಟ್, "ನೀಟ್ ಬೇಕಾಗಿರುವುದು ಇಲ್ಲಿನ ಕಾಲೇಜಿಗೆ ಮಾತ್ರ, ಅಲ್ಲಿಗೆ ಬೇಡ" ಎಂದಿದ್ದ. ಅಲ್ಲಿಯ ಕಾಲೇಜು ಸೇರಿಸಿಕೊಳ್ಳಲು ನೀಟ್ ಬೇಡ ಎಂಬುದು ನಿಜವೇ ಆಗಿತ್ತು. ಆದರೆ ವಿದೇಶದಲ್ಲಿ ಎಂಬಿಬಿಎಸ್ ಓದಿ ಭಾರತದಲ್ಲಿ ವೈದ್ಯರಾಗಬೇಕೆನ್ನುವವರಿಗೂ 2018ರಿಂದ ನೀಟ್ ಅರ್ಹತೆ ಕಡ್ಡಾಯವಾಗಿತ್ತು. ಏಜೆಂಟ್ ಅರ್ಧ ಸತ್ಯ ಹೇಳಿದ. ಉಳಿದ ಅರ್ಧವನ್ನು ನಾವು ಕೇಳಲಿಲ್ಲ.

ಮೂರನೇ ವರ್ಷದಲ್ಲಿ ಜೊತೆಯ ಹುಡುಗರಿಂದ ಅವನಿಗೆ ವಿಷಯ ತಿಳಿಯಿತು. ಆರು ವರ್ಷ ಓದಿ ಬಂದರೂ ಊರಿನಲ್ಲಿ ಒಂದು ಚೀಟಿ ಬರೆಯುವ ಅಧಿಕಾರ ಸಿಗುವುದಿಲ್ಲ ಎಂದು ಗೊತ್ತಾದ ಮೇಲೆ ಅವನು ವಾಪಸಾದ. ಅಕ್ಕನ ಒಡವೆ ವಾಪಸಾಗಲಿಲ್ಲ. ಇಂದು ಅವನು ಭಾವನ ಜೊತೆ ಟೊಮೆಟೊ ವ್ಯಾಪಾರ ನೋಡಿಕೊಳ್ಳುತ್ತಾನೆ. ಹಲಾಲ್ ದುಡಿಮೆ, ಅಲ್ಹಮ್ದುಲಿಲ್ಲಾಹ್. ಆದರೆ ಬೀದಿಯಲ್ಲಿ ಯಾರಾದರೂ ತಮಾಷೆಗೆ "ಡಾಕ್ಟರ್ ಸಾಬ್" ಎಂದು ಕರೆದರೆ ಅವನ ಮುಖ ನೋಡಲಾಗುವುದಿಲ್ಲ.

ಅವನು ಹೊರಟ ದಿನ ಅವನ ತೋಳಿಗೆ ಇಮಾಮ್ ಝಾಮಿನ್ ಕಟ್ಟಿದರು. ನಾನೂ ತಲೆಯ ಮೇಲೆ ಕೈಯಿಟ್ಟು ದುಆ ಮಾಡಿದೆ. ಬಿಎ ಓದಿದವಳು ನಾನು, ಅರ್ಜಿ, ಆದೇಶಗಳನ್ನು ಓದಿ ಅರ್ಥಮಾಡಿಕೊಳ್ಳಬಲ್ಲೆ. ಆದರೂ ಒಂದು ದಿನ ಕುಳಿತು ನಿಯಮ ಏನೆಂದು ನೋಡಲಿಲ್ಲ. ಒಂಟೆಯನ್ನು ಮೊದಲು ಕಟ್ಟಿಹಾಕಿ ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡಲು ಪ್ರವಾದಿ(ಸ)ಯವರು ಕಲಿಸಿದ್ದನ್ನು ಮಕ್ಕಳಿಗೆ ಪಾಠ ಮಾಡುವವಳು ನಾನೇ. ಒಂಟೆಯನ್ನು ಕಟ್ಟದೆ ಬಿಟ್ಟವಳೂ ನಾನೇ.

ಹುಡುಗಿಗೆ ಕೇಳಿದ ಐದು ಪ್ರಶ್ನೆಗಳು

ಆದ್ದರಿಂದ ಆ ಸಂಜೆ ತಾಯಿಯ ಪ್ರಶ್ನೆಗೆ ಉತ್ತರಿಸುವ ಮೊದಲು ನಾನು ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಐದು ಪ್ರಶ್ನೆ ಕೇಳಿದೆ. ಕಾಲೇಜು ಯಾವ ಊರಿನಲ್ಲಿದೆ? ಎಷ್ಟು ವರ್ಷದ ಓದು? ಪಾಠ ಯಾವ ಭಾಷೆಯಲ್ಲಿ? ಮುಗಿಸಿ ಬಂದ ಮೇಲೆ ಇಲ್ಲಿ ಏನೇನು ಬರೆಯಬೇಕು? ಹಣ ಯಾರ ಖಾತೆಗೆ ಹೋಗುತ್ತದೆ?

ಅವಳು ಅಮ್ಮಿಯ ಮುಖ ನೋಡಿದಳು. ಅಮ್ಮಿ ಕರಪತ್ರ ನೋಡಿದರು. "ಅದೆಲ್ಲ ಏಜೆಂಟಿಗೆ ಗೊತ್ತು ಆಪಾ" ಎಂದರು.

ಇದೇ ನಮ್ಮ ದೊಡ್ಡ ತೊಂದರೆ. ಹೊರಡುವವಳಿಗೆ ಏನೂ ಗೊತ್ತಿಲ್ಲ, ಕಳಿಸುವವರಿಗೂ ಗೊತ್ತಿಲ್ಲ, ಎಲ್ಲವೂ ಗೊತ್ತಿರುವ ಒಬ್ಬನೇ ಒಬ್ಬನಿಗೆ ಹೊಣೆಯಿಲ್ಲ. ನಾನು ಅವಳಿಗೆ ಒಂದು ನೋಟ್‌ಬುಕ್ ಕೊಟ್ಟೆ. "ಬೇಟಿ, ಹೋಗುವವಳು ನೀನು. ಈ ಐದಕ್ಕೂ ಉತ್ತರ ಬರೆ. ಪ್ರತಿಯೊಂದು ಉತ್ತರದ ಮುಂದೆ, ಇದನ್ನು ಯಾರು ಹೇಳಿದರು ಎಂದೂ ಬರೆ. ‘ಏಜೆಂಟ್ ಹೇಳಿದ’ ಎಂದಿರುವ ಕಡೆ ಇನ್ನೊಂದು ಸಾಕ್ಷಿ ಹುಡುಕು" ಎಂದೆ. ತಾಯಿಗೆ, ಶುಕ್ರವಾರ ಹಣ ಕಟ್ಟಬೇಡಿ ಎಂದು ಕೇಳಿಕೊಂಡೆ. ಒಳ್ಳೆಯ ಕೆಲಸಕ್ಕೆ ಯಾರಾದರೂ ಅಷ್ಟೊಂದು ಅವಸರ ಮಾಡಿಸಿದರೆ ಅಲ್ಲಿ ಒಂದು ನಿಮಿಷ ನಿಲ್ಲಬೇಕು.

ಅವಳು ಎರಡು ವಾರ ಕುಳಿತು ಬರೆದದ್ದನ್ನು ನಿಮ್ಮೊಂದಿಗೂ ಹಂಚಿಕೊಳ್ಳುತ್ತೇನೆ. ಡಾಕ್ಟರ್ ಆಗಲೆಂದು ಮಕ್ಕಳನ್ನು ಕಳಿಸುವ ಮನೆಗಳು ನಮ್ಮಲ್ಲಿ ಹೆಚ್ಚುತ್ತಿವೆ.

ವಿದೇಶದಲ್ಲಿ ಓದಿದ ವೈದ್ಯರ ಬಗ್ಗೆ ರಾಷ್ಟ್ರೀಯ ವೈದ್ಯಕೀಯ ಆಯೋಗವು 2021ರ ನವೆಂಬರಿನಲ್ಲಿ ನಿಯಮ ಮಾಡಿದೆ. ಓದು ಕನಿಷ್ಠ 54 ತಿಂಗಳಿನದ್ದಾಗಿರಬೇಕು. ಅದರ ಮೇಲೆ 12 ತಿಂಗಳ ಇಂಟರ್ನ್‌ಶಿಪ್ ಅದೇ ಸಂಸ್ಥೆಯಲ್ಲಿ ಆಗಬೇಕು. ಪಾಠ ಇಂಗ್ಲಿಷ್ ಮಾಧ್ಯಮದಲ್ಲಿರಬೇಕು. ಓದಿದ ದೇಶದಲ್ಲೇ ವೈದ್ಯ ವೃತ್ತಿ ನಡೆಸಲು ಆ ಪದವಿ ಅರ್ಹವಾಗಿರಬೇಕು. ಹಿಂದಿರುಗಿದ ಮೇಲೆ ಎಫ್‌ಎಂಜಿಇ ಎಂಬ ಪರೀಕ್ಷೆ ಇದೆ. 300 ಅಂಕಗಳಲ್ಲಿ 150 ಬರಬೇಕು. ಇತ್ತೀಚಿನ ವರ್ಷಗಳಲ್ಲಿ ಅದನ್ನು ಬರೆದವರಲ್ಲಿ ಪಾಸಾದವರು ಮೂರರಲ್ಲಿ ಒಬ್ಬರಿಗಿಂತಲೂ ಕಡಿಮೆ. ಅದಾದ ಮೇಲೆ ಇಲ್ಲಿ ಇನ್ನೂ ಒಂದು ವರ್ಷ ಇಂಟರ್ನ್‌ಶಿಪ್. "ಐದು ವರ್ಷದಲ್ಲಿ ಡಾಕ್ಟರ್" ಎಂದು ಕರಪತ್ರದಲ್ಲಿ ಬರೆದದ್ದು ನಿಜವಾಗಿ ಏಳೆಂಟು ವರ್ಷದ ದಾರಿ ಎಂಬುದು ಹುಡುಗಿಗೂ ಮನೆಯವರಿಗೂ ಆಗ ಗೊತ್ತಾಯಿತು.

ಆಯೋಗವು ಆಗಾಗ ಎಚ್ಚರಿಕೆ ಪ್ರಕಟಣೆಗಳನ್ನೂ ಹೊರಡಿಸುತ್ತದೆ. 2025ರಲ್ಲಿ ಬೆಲೀಝ್ ದೇಶದ ಮೂರು ಕಾಲೇಜುಗಳು ಮತ್ತು ಉಜ್ಬೆಕಿಸ್ತಾನದ ಒಂದು ಕಾಲೇಜಿನ ಶಾಖೆಗೆ ಸೇರಬೇಡಿ ಎಂದು ಹೇಳಿತು. ಹಣ ಕಟ್ಟುವ ಮೊದಲು ಆಯೋಗದ ಪ್ರಕಟಣೆಗಳನ್ನು ಓದುವುದಕ್ಕೆ ಕಾಸು ಖರ್ಚಿಲ್ಲ. ಬೇರೆ ಓದಿಗೆ ಹೋಗುವವರಿಗೂ ಇದೇ ಮಾತು. 2011ರಲ್ಲಿ ಅಮೆರಿಕದ ಟ್ರೈ ವ್ಯಾಲಿ ಎಂಬ ವಿಶ್ವವಿದ್ಯಾಲಯ ಮೋಸದ್ದೆಂದು ಮುಚ್ಚಿದಾಗ ಬೀದಿಗೆ ಬಿದ್ದವರಲ್ಲಿ ನಮ್ಮ ಪಕ್ಕದ ಆಂಧ್ರದ ಮಕ್ಕಳೇ ಹೆಚ್ಚು. ಕೆಲವರ ಕಾಲಿಗೆ ಎಲ್ಲಿದ್ದಾರೆಂದು ಪತ್ತೆಹಚ್ಚುವ ಯಂತ್ರ ಕಟ್ಟಿದ್ದರು. 2023ರಲ್ಲಿ ಕೆನಡಾದಲ್ಲಿ ಪಂಜಾಬಿನ ಅನೇಕ ಮಕ್ಕಳ ಪ್ರವೇಶ ಪತ್ರಗಳು ಏಜೆಂಟ್ ತಯಾರಿಸಿದ ನಕಲಿ ಎಂದು ಬಯಲಾಯಿತು. ಆ ಮಕ್ಕಳ ಮನೆಯವರೂ ನಮ್ಮಂತೆಯೇ ನಂಬಿದವರು.

ಹೆಸರು ಒಂದೇ ಇರಲಿ

ನಮ್ಮ ನಂಗಲಿ ಗಡಿಯ ಊರು. ಹೆದ್ದಾರಿಯಲ್ಲಿ ಸ್ವಲ್ಪ ಮುಂದೆ ಹೋದರೆ ಆಂಧ್ರ. ಹೊಯ್ಸಳರ ರಾಜ್ಯದ ಪೂರ್ವ ಗಡಿಯೆಂದೂ ನಮ್ಮೂರಿನ ಹೆಸರು ಶಾಸನಗಳಲ್ಲಿ ಬರುತ್ತದೆ. 2017ರಲ್ಲಿ ಜಿಎಸ್‌ಟಿ ಬರುವ ತನಕ ಇಲ್ಲಿ ಚೆಕ್‌ಪೋಸ್ಟಿನಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಕಾಗದದಲ್ಲಿ ಒಂದು ಅಂಕಿ ತಪ್ಪಿದ್ದರೂ ಲಾರಿ ಮುಂದೆ ಹೋಗುತ್ತಿರಲಿಲ್ಲ ಎಂಬುದು ಇಲ್ಲಿನ ಮಕ್ಕಳಿಗೂ ಗೊತ್ತು. ಆದರೆ ನಮ್ಮ ಹೆಣ್ಣುಮಕ್ಕಳ ಕಾಗದಗಳನ್ನು ಯಾರು ನೋಡುತ್ತಾರೆ?

ಆ ಹುಡುಗಿಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಕೊನೆಗೆ "ಬೇಗಂ" ಇತ್ತು, ಆಧಾರ್ ಕಾರ್ಡಿನಲ್ಲಿ ಇರಲಿಲ್ಲ. ತಂದೆಯ ಹೆಸರಿನಲ್ಲಿ ಒಂದು ಕಡೆ "ಮೊಹಮ್ಮದ್" ಎಂದು ಪೂರ್ತಿ, ಇನ್ನೊಂದು ಕಡೆ "ಎಂಡಿ" ಎಂದು ಎರಡೇ ಅಕ್ಷರ. ತಾಯಿಯ ಹೆಸರಿನಲ್ಲಿ ಒಂದು ಕಡೆ "ಬೀ", ಇನ್ನೊಂದು ಕಡೆ "ಬಾನು". ನಮ್ಮ ಮನೆಗಳಲ್ಲಿ ಇದು ಯಾರಿಗೂ ತಪ್ಪು ಎನ್ನಿಸುವುದಿಲ್ಲ. ಶಾಲೆಗೆ ಸೇರಿಸುವ ದಿನ ಮಾಮೂ ಹೋದರೆ ಮಾಮೂ ಹೇಳಿದ ಹೆಸರು, ರೇಷನ್ ಕಾರ್ಡಿಗೆ ಚಾಚಾ ಹೋದರೆ ಚಾಚಾ ಹೇಳಿದ ಹೆಸರು. ಆದರೆ ವೀಸಾ ಕೊಡುವ ಅಧಿಕಾರಿಗೆ ಬೇಗಂ ಇರುವವಳು ಒಬ್ಬಳು, ಇಲ್ಲದವಳು ಇನ್ನೊಬ್ಬಳು.

ಇನ್ನೊಂದು ವಿಷಯವನ್ನೂ ನೆನಪಿಡಿ. ಪಾಸ್‌ಪೋರ್ಟಿನಲ್ಲಿ ಸ್ವಂತ ಹೆಸರಿಗೆ ಒಂದು ಜಾಗ, ಮನೆತನದ ಹೆಸರಿಗೆ ಒಂದು ಜಾಗ ಇರುತ್ತದೆ. ನಮ್ಮಲ್ಲಿ ಹೆಚ್ಚಿನವರಿಗೆ ಮನೆತನದ ಹೆಸರಿಲ್ಲ, ಆ ಜಾಗ ಖಾಲಿ ಬಿಡುತ್ತೇವೆ. ಒಂದೇ ಹೆಸರಿನ ಪಾಸ್‌ಪೋರ್ಟ್ ಇರುವವರಿಗೆ ಭೇಟಿ ವೀಸಾದಲ್ಲಿ ಪ್ರವೇಶವಿಲ್ಲವೆಂದು 2022ರ ನವೆಂಬರಿನಲ್ಲಿ ಯುಎಇ ನಿಯಮ ತಂದಿತು. ಅಮೆರಿಕದ ವೀಸಾದಲ್ಲಿ ಅಂಥವರ ಹೆಸರಿನ ಜಾಗದಲ್ಲಿ "ಮೊದಲ ಹೆಸರು ಗೊತ್ತಿಲ್ಲ" ಎಂಬರ್ಥದ ಮೂರು ಇಂಗ್ಲಿಷ್ ಅಕ್ಷರಗಳನ್ನು ಹಾಕುತ್ತಾರೆ. ಅರ್ಜಿ ತುಂಬುವ ದಿನ ಮನೆಯವರೆಲ್ಲ ಕುಳಿತು ಎರಡು ಭಾಗದ ಹೆಸರನ್ನು ನಿಶ್ಚಯಿಸಿಕೊಳ್ಳಿ.

ನಾವು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ಮೂಲವಾಗಿಟ್ಟುಕೊಂಡೆವು. ಆಧಾರನ್ನು ಅದರಂತೆ ತಿದ್ದಿಸಿದೆವು. ತಂದೆಯ ಹೆಸರಿಗಾಗಿ ಶಾಲೆಯ ದಾಖಲಾತಿ ಪುಸ್ತಕ ಹುಡುಕಿಸಿ, ಮುಖ್ಯೋಪಾಧ್ಯಾಯರ ಮೂಲಕ ಅರ್ಜಿ ಹಾಕಿದೆವು. ಮುಳಬಾಗಿಲು, ಕೋಲಾರ, ಬೆಂಗಳೂರು ಎಂದು ಆ ತಂದೆ ತಿರುಗಿದ್ದಕ್ಕೆ ಲೆಕ್ಕವಿಲ್ಲ. ತಿಂಗಳುಗಳೇ ಹಿಡಿದವು. ಆ ವರ್ಷದ ಪ್ರವೇಶ ಕೈತಪ್ಪಿತು.

ಅಂದು ಹುಡುಗಿ ತುಂಬಾ ಅತ್ತಳು. ಅವಳ ನಾನಿ ನನ್ನನ್ನು ನೋಡಿ ಮುಖ ತಿರುಗಿಸಿದರು. "ಓದಿದವಳು ಎಂದು ಕೇಳಲು ಹೋದರೆ ಕೆಲಸ ಕೆಡಿಸಿದಳು" ಎಂದು ಬೀದಿಯಲ್ಲಿ ಮಾತಾಯಿತು. ನನಗೂ ರಾತ್ರಿ ನಿದ್ದೆ ಬರಲಿಲ್ಲ. ಒಂದು ಮಗುವಿನ ವರ್ಷವನ್ನು ನಾನು ಹಾಳು ಮಾಡಿದೆನೇ ಎಂಬ ಭಯ. ಆದರೆ ವಿದೇಶದ ಓದಿಗೆ ನೀಟ್ ಫಲಿತಾಂಶ ಮೂರು ವರ್ಷ ಊರ್ಜಿತದಲ್ಲಿರುತ್ತದೆ ಎಂಬುದನ್ನು ಅವಳೇ ಓದಿ ತಿಳಿದುಕೊಂಡಿದ್ದಳು. ಅದೊಂದು ಸಮಾಧಾನ.

ಹಣದ ಮಾತು

ಆ ಒಂದು ವರ್ಷ ವ್ಯರ್ಥವಾಗಲಿಲ್ಲ. ಮನೆಯವರು ಹಣದ ಲೆಕ್ಕಕ್ಕೆ ಕುಳಿತರು. ಏಜೆಂಟ್ ಹೇಳುವುದು ಒಂದು ವರ್ಷದ ಶುಲ್ಕ ಮಾತ್ರ. ಹಾಸ್ಟೆಲ್, ಊಟ, ವಿಮೆ, ವೀಸಾ ಮುಂದುವರಿಸುವ ಖರ್ಚು, ಚಳಿಯ ಬಟ್ಟೆ, ವಿಮಾನದ ಟಿಕೆಟ್ ಇವೆಲ್ಲ ಆಮೇಲೆ ಒಂದೊಂದಾಗಿ ಬರುತ್ತವೆ. ಎಲ್ಲವನ್ನೂ ಬರೆದು ಕೊಡಿ ಎಂದು ಕೇಳಿ.

ಶುಲ್ಕ ಡಾಲರಿನಲ್ಲಿರುತ್ತದೆ ಎಂಬುದನ್ನೂ ಮರೆಯಬಾರದು. 2015ರ ಸುಮಾರಿಗೆ ಒಂದು ಡಾಲರಿಗೆ 65 ರೂಪಾಯಿಯ ಆಸುಪಾಸು ಇತ್ತು. 2024ರಲ್ಲಿ 83 ದಾಟಿತು. ಉದಾಹರಣೆಗೆ ವರ್ಷಕ್ಕೆ 4000 ಡಾಲರ್ ಶುಲ್ಕವಿದೆ ಎಂದುಕೊಳ್ಳಿ. ಆಗ 2 ಲಕ್ಷ 60 ಸಾವಿರ ಆಗುತ್ತಿದ್ದದ್ದು 3 ಲಕ್ಷ 32 ಸಾವಿರಕ್ಕೆ ಏರಿತು. ಶುಲ್ಕ ಏರಿಲ್ಲ, ನಮ್ಮ ರೂಪಾಯಿ ಇಳಿದಿದೆ. ಆರು ವರ್ಷದ ಓದಿಗೆ ಇಂದಿನ ಲೆಕ್ಕ ಹಾಕಿ ಒಡವೆಯೆಲ್ಲ ಮೊದಲ ವರ್ಷಕ್ಕೇ ಇಟ್ಟುಬಿಟ್ಟರೆ ನಾಲ್ಕನೆಯ ವರ್ಷಕ್ಕೆ ಏನು ಇಡುತ್ತೀರಿ?

ಬಡ್ಡಿಯ ಸಾಲ ಬೇಡವೆನ್ನುವ ಮನೆಗಳು ನಮ್ಮಲ್ಲಿ ಅನೇಕ. ಅಲ್ಪಸಂಖ್ಯಾತ ಮಕ್ಕಳ ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿ ತುಂಬಿಕೊಡುತ್ತಿದ್ದ ಕೇಂದ್ರದ "ಪಢೋ ಪರದೇಸ್" ಯೋಜನೆಯನ್ನು 2022-23ರಿಂದ ನಿಲ್ಲಿಸಿದ್ದಾರೆ. ಈಗಲೂ ಅದರ ಹೆಸರು ಹೇಳಿ ಅರ್ಜಿ ತುಂಬಿಸಲು ಹಣ ಕೇಳುವವರಿದ್ದರೆ ನಂಬಬೇಡಿ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಿಂದ ವಿದೇಶ ವ್ಯಾಸಂಗಕ್ಕೆ 20 ಲಕ್ಷದವರೆಗೆ ಬಡ್ಡಿರಹಿತ ಸಾಲ ಕೊಡುವ ಯೋಜನೆಯನ್ನು 2023ರಲ್ಲಿ ರಾಜ್ಯ ಸರಕಾರ ಪ್ರಕಟಿಸಿತು. ಯಾವ ವಿಶ್ವವಿದ್ಯಾಲಯ, ಯಾವ ಓದು ಅದಕ್ಕೆ ಸೇರುತ್ತದೆ, ಏನು ಭದ್ರತೆ ಕೊಡಬೇಕು ಎಂಬುದನ್ನು ನಿಗಮದ ಜಿಲ್ಲಾ ಕಚೇರಿಗೆ ಹೋಗಿ ನೇರವಾಗಿ ಕೇಳಿ. ಸೀಟು ಹಿಡಿದ ಮೇಲೆ ಅಲ್ಲ, ಹಿಡಿಯುವ ಮೊದಲು.

ಹಣವನ್ನು ಬ್ಯಾಂಕಿನ ಮೂಲಕ ಕಾಲೇಜಿನ ಖಾತೆಗೇ ಕಳಿಸಬೇಕು. ಏಜೆಂಟಿಗೆ ಅವನ ಕೂಲಿ ಮಾತ್ರ, ಅದಕ್ಕೂ ರಶೀದಿ. ಮೂಲ ಅಂಕಪಟ್ಟಿಗಳನ್ನು ಯಾರ ಕೈಗೂ ಕೊಟ್ಟುಬಿಡಬೇಡಿ.

ಒಬ್ಬಳೇ ಕಳಿಸಬಹುದೇ?

ಈಗ ಆ ತಾಯಿ ಮೊದಲು ಕೇಳಿದ ಪ್ರಶ್ನೆ. ನಾನು ಮುಫ್ತಿ ಅಲ್ಲ, ಫತ್ವಾ ಕೊಡುವವಳಲ್ಲ. ನಮ್ಮ ಹನಫೀ ಉಲಮಾಗಳಲ್ಲಿ ಹೆಚ್ಚಿನವರು ದೂರ ಪ್ರಯಾಣದಲ್ಲಿ ಹೆಣ್ಣಿನ ಜೊತೆ ಮಹ್ರಮ್ ಇರಬೇಕು ಎನ್ನುತ್ತಾರೆ. ದಾರಿ ಸುರಕ್ಷಿತವಾಗಿದ್ದು ನಂಬಿಕೆಯ ಸಂಗಾತ ಇದ್ದರೆ ಸಾಕೆಂದ ವಿದ್ವಾಂಸರೂ ಇದ್ದಾರೆ. ನಿಮ್ಮ ನಂಬಿಕೆಯ ಆಲಿಮರನ್ನು ಕೇಳಿ. ಆದರೆ ಕೇಳುವಾಗ ಪೂರ್ತಿ ವಿವರ ಹೇಳಿ ಕೇಳಿ. ಯಾವ ಊರು, ಹಾಸ್ಟೆಲ್ ಹೆಣ್ಣುಮಕ್ಕಳಿಗೇ ಪ್ರತ್ಯೇಕವೇ, ಜೊತೆಗೆ ಯಾರಿದ್ದಾರೆ, ರಾತ್ರಿ ಕಾಯಿಲೆಯಾದರೆ ಯಾರು ಕರೆದುಕೊಂಡು ಹೋಗುತ್ತಾರೆ? ಆ ಆದೇಶದ ಹಿಂದಿರುವುದು ಹೆಣ್ಣಿನ ರಕ್ಷಣೆಯ ಕಾಳಜಿ. ಈ ಪ್ರಶ್ನೆಗಳಿಗೆ ಉತ್ತರ ಗೊತ್ತಿಲ್ಲದಿದ್ದರೆ ಗಂಡುಮಗನನ್ನೂ ಕಳಿಸಬಾರದು.

ಈ ಮನೆಯವರು ತಮ್ಮ ಆಲಿಮರನ್ನು ಕೇಳಿದ ಮೇಲೆ, ತಂದೆ ಜೊತೆಯಲ್ಲಿ ಹೋಗಿ ಹಾಸ್ಟೆಲ್ ನೋಡಿ, ಮಗಳನ್ನು ಸೇರಿಸಿ ಬರುವುದೆಂದು ನಿಶ್ಚಯಿಸಿದರು. ಒಡವೆಯ ಒಂದು ಪಾಲು ಆ ಟಿಕೆಟಿಗೆ ಹೋಯಿತು. ಅದು ದಂಡವಲ್ಲ ಎಂದು ನಾನು ಹೇಳಿದೆ.

ದೇಶದ ಆಯ್ಕೆಯಲ್ಲೂ ಎಚ್ಚರ ಬೇಕು. 2022ರಲ್ಲಿ ಉಕ್ರೇನಿನಲ್ಲಿ ಯುದ್ಧ ಶುರುವಾದಾಗ ಖಾರ್ಕಿವ್‌ನಲ್ಲಿ ನಮ್ಮ ಹಾವೇರಿ ಜಿಲ್ಲೆಯ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಪ್ರಾಣ ಕಳೆದುಕೊಂಡ. 2024ರ ಮೇ ತಿಂಗಳಲ್ಲಿ ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲುಗಳ ಮೇಲೆ ಗುಂಪುಗಳು ದಾಳಿ ಮಾಡಿದವು. 2025ರ ಜೂನಿನಲ್ಲಿ ಇರಾನಿನ ಮೇಲೆ ಬಾಂಬು ಬಿದ್ದಾಗ, ಹಿಂದೆ ನಮ್ಮ ಕೋಲಾರ ಜಿಲ್ಲೆಗೇ ಸೇರಿದ್ದ ಗೌರಿಬಿದನೂರು ತಾಲೂಕಿನ ಅಲೀಪುರದ ಮಕ್ಕಳು ಅಲ್ಲಿ ಓದುತ್ತಿದ್ದರು. ಅವರ ತಾಯಂದಿರು ಫೋನ್ ಹಿಡಿದು ರಾತ್ರಿ ಕಳೆದದ್ದನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಮಕ್ಕಳು ತಲುಪಿದ ವಾರದಲ್ಲೇ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಲಿ. ವಿದೇಶಾಂಗ ಸಚಿವಾಲಯ 2015ರಲ್ಲಿ ಶುರು ಮಾಡಿದ "ಮದದ್" ಎಂಬ ವ್ಯವಸ್ಥೆಯಲ್ಲೂ ವಿದ್ಯಾರ್ಥಿಗಳು ಹೆಸರು ದಾಖಲಿಸಬಹುದು. ಮದದ್ ಎಂದರೇನೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಹೆಸರೇ ಪಟ್ಟಿಯಲ್ಲಿ ಇಲ್ಲದಿದ್ದರೆ ಮದದ್ ಹೇಗೆ ಬರಬೇಕು?

ಪೆಟ್ಟಿಗೆ ಕಟ್ಟುವಾಗ

ಹುಡುಗಿ ಕೊನೆಗೆ ತಾನೇ ಹೋಲಿಸಿ ನೋಡಿ ಉಜ್ಬೆಕಿಸ್ತಾನದ ಬುಖಾರಾದಲ್ಲಿರುವ ಸರಕಾರಿ ವೈದ್ಯಕೀಯ ಸಂಸ್ಥೆಯನ್ನು ಆರಿಸಿದಳು. 2024ರ ಸೆಪ್ಟೆಂಬರಿನಲ್ಲಿ ಹೊರಡುವ ದಿನ ಬಂತು. ಪೆಟ್ಟಿಗೆ ಕಟ್ಟುವ ಕೆಲಸ ನಮ್ಮದು, ಹೆಂಗಸರದು. ಅದರಲ್ಲಿ ನಾವು ಕಲಿತದ್ದನ್ನು ಬರೆಯುತ್ತೇನೆ.

ಉಪ್ಪಿನಕಾಯಿ ಜಾಡಿಗಿಂತ ಮೊದಲು ಕಾಗದದ ಚೀಲ ಸಿದ್ಧವಾಗಲಿ. ಪ್ರತಿಯೊಂದು ಕಾಗದದ ಮೂರು ಪ್ರತಿ: ಒಂದು ಅವಳ ಬಳಿ, ಒಂದು ಪೆಟ್ಟಿಗೆಯಲ್ಲಿ, ಒಂದು ಮನೆಯಲ್ಲಿ. ಪಾಸ್‌ಪೋರ್ಟ್ ಮತ್ತು ಮೂಲ ಕಾಗದಗಳು ಕೈಚೀಲದಲ್ಲಿರಬೇಕು, ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲಲ್ಲ. ಮಾತ್ರೆಗಳಿಗೆ ಡಾಕ್ಟರ ಚೀಟಿ ಇರಲಿ. ನೋವಿಗೂ ನಿದ್ದೆಗೂ ಇಲ್ಲಿ ನುಂಗುವ ಕೆಲವು ಮಾತ್ರೆಗಳಿಗೆ ಹಲವು ದೇಶಗಳಲ್ಲಿ ಬಹಳ ಕಟ್ಟುನಿಟ್ಟು. ಮಸಾಲೆ ಕಟ್ಟುವಾಗ ಗಸಗಸೆ ಹಾಕಬೇಡಿ. ನಮಗೆ ಅದು ಕುರ್ಮಾದ ಸಾಮಾನು, ಆದರೆ ಯುಎಇ, ಸೌದಿಯಂಥ ದೇಶಗಳಲ್ಲಿ ನಿಷೇಧಿತ ವಸ್ತು. ವಿಮಾನ ಬದಲಾಯಿಸುವುದು ಅಲ್ಲಾದರೆ ಮಗಳು ಸಿಕ್ಕಿಬೀಳುತ್ತಾಳೆ. ಯಾರೇ ಬಂದು, "ನಮ್ಮ ಹುಡುಗನಿಗೆ ಒಂದು ಸಣ್ಣ ಪೊಟ್ಟಣ" ಎಂದು ಕೊಟ್ಟರೂ ಬಿಚ್ಚಿ ನೋಡದೆ ತೆಗೆದುಕೊಳ್ಳಬಾರದು. ಬೇಸರಪಟ್ಟುಕೊಂಡರೆ ಪಟ್ಟುಕೊಳ್ಳಲಿ.

ಬುಖಾರಾದ ಚಳಿ ನಮ್ಮ ಕೋಲಾರದ ಚಳಿಯಲ್ಲ, ನೀರು ಹೆಪ್ಪುಗಟ್ಟುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಪಾಠ ಇಂಗ್ಲಿಷಿನಲ್ಲಾದರೂ ಆಸ್ಪತ್ರೆಗೆ ಬರುವ ರೋಗಿಗಳು ಅಲ್ಲಿನ ಭಾಷೆಯಲ್ಲೇ ಮಾತನಾಡುತ್ತಾರೆ. ಅದನ್ನು ಕಲಿಯದವರು ಆರು ವರ್ಷ ಮೂಕರಂತೆ ನಿಂತು ಬರುತ್ತಾರೆ. ನಮ್ಮೂರ ಮಕ್ಕಳಿಗೆ ಇದು ಕಷ್ಟವಾಗಬಾರದು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು ಆಡಿ ಬೆಳೆದವರು ಇವರು. ಉಜ್ಬೆಕ್ ಭಾಷೆಯಲ್ಲಿ ಪುಸ್ತಕಕ್ಕೆ ಕಿತೋಬ್, ಅತಿಥಿಗೆ ಮೆಹ್‌ಮೋನ್, ಈರುಳ್ಳಿಗೆ ಪಿಯೋಜ್ ಎನ್ನುತ್ತಾರೆ. "ಎಲ್ಲ ನಮ್ಮದೇ ಮಾತು ಆಪಾ" ಎಂದು ಅವಳು ಸಂತೋಷಪಟ್ಟಿದ್ದಳು. ಮೊದಲ ವಾರ ಅಂಗಡಿಗೆ ಹೋಗಿ ಸಬ್ಜಿ ಕೇಳಿದ್ದಾಳೆ, ಕೊಟ್ಟದ್ದು ಒಂದು ಚೀಲ ಕ್ಯಾರೆಟ್. ಅಲ್ಲಿ ಸಬ್ಜಿ ಎಂದರೆ ಕ್ಯಾರೆಟ್ ಅಂತೆ. ಫೋನಿನಲ್ಲಿ ಇದನ್ನು ಕೇಳಿ ಅವಳ ನಾನಿ ಬಹಳ ದಿನಗಳ ನಂತರ ನಕ್ಕರು, ನನ್ನ ಜೊತೆಯೂ ಮಾತನಾಡಿದರು.

ಹಿಂದಿರುಗಿದ ತಾಯಿ

ಬುಖಾರಾ ಎಂದರೆ ನಮಗೆ ಇಮಾಮ್ ಬುಖಾರಿ(ರ)ಯವರ ಹುಟ್ಟೂರು. ಅವರು ಹದಿನಾರರ ಪ್ರಾಯದಲ್ಲಿ ತಾಯಿ ಮತ್ತು ಅಣ್ಣನ ಜೊತೆ ಹಜ್ಜ್‌ಗೆಂದು ಮಕ್ಕಾಕ್ಕೆ ಹೋದರು. ಹಜ್ಜ್ ಮುಗಿಯಿತು. ತಾಯಿ ಮತ್ತು ಅಣ್ಣ ಊರಿಗೆ ಹಿಂದಿರುಗಿದರು. ಮಗ ವಿದ್ಯೆಗಾಗಿ ಅಲ್ಲೇ ಉಳಿದರು. ಮುಂದೆ ಹದೀಸ್‌ಗಳ ಸನದನ್ನು ಅವರಷ್ಟು ಕಟ್ಟುನಿಟ್ಟಾಗಿ ಪರಿಶೀಲಿಸಿದವರು ವಿರಳ. ಅವರು ಸಂಗ್ರಹಿಸಿದ ಗ್ರಂಥವನ್ನು ಮುಂದೆ ಮಕ್ಕಾದಲ್ಲಿ ಪಾಠ ಹೇಳಿದವರಲ್ಲಿ ಕರೀಮಾ ಅಲ್-ಮರ್ವಝಿಯ್ಯಾ ಎಂಬ ಮಹಿಳೆಯೂ ಒಬ್ಬರು. ಅವರೂ ಆ ದೂರದ ಮಧ್ಯ ಏಷ್ಯಾದ ಕಡೆಯವರೇ. ಖತೀಬ್ ಬಗ್ದಾದಿಯಂಥ ವಿದ್ವಾಂಸರು ಅವರಿಂದ ಅದನ್ನು ಕೇಳಿ ಕಲಿತರು.

ನಾವು ಇಮಾಮರ ಹೆಸರನ್ನು ಹೇಳುತ್ತೇವೆ. ಮಗನನ್ನು ಬಿಟ್ಟು ಅಷ್ಟು ದೂರ ಹಿಂದಿರುಗಿದ ಆ ತಾಯಿಯನ್ನು ಅಷ್ಟಾಗಿ ನೆನೆಯುವುದಿಲ್ಲ. ಅವರು ಮಗನನ್ನು ಕಳಿಸಲಿಲ್ಲ, ಜೊತೆಯಲ್ಲಿ ಬಂದು, ತಾನೇ ನೋಡಿ ಬಿಟ್ಟುಹೋದರು.

ಆ ಹುಡುಗಿ ಈಗ ಎರಡನೇ ವರ್ಷದಲ್ಲಿದ್ದಾಳೆ. ಬುಖಾರಾದ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಹಿಂದೆ. ಅಮ್ಮಿ ಇಶಾ ಮುಗಿಸಿ ಫೋನಿಗೆ ಕಾಯುತ್ತಾರೆ. ಅವಳು ಪಾಸಾಗಿ, ಇಲ್ಲಿನ ಪರೀಕ್ಷೆಯನ್ನೂ ಬರೆದು ಗೆಲ್ಲಬೇಕು. ದಾರಿ ಇನ್ನೂ ಬಹಳ ಇದೆ, ಏನಾಗುವುದೆಂದು ಅಲ್ಲಾಹನಿಗೆ ಮಾತ್ರ ಗೊತ್ತು. ಆದರೆ ಆ ದಾರಿ ಎಂಥದ್ದೆಂದು ಈಗ ಅವಳಿಗೂ ಗೊತ್ತು, ಮನೆಯವರಿಗೂ ಗೊತ್ತು.

ಕಳೆದ ರಜೆಯಲ್ಲಿ ಊರಿಗೆ ಬಂದಾಗ ಅವಳು ನನ್ನ ನೋಟ್‌ಬುಕ್ ವಾಪಸು ತಂದುಕೊಟ್ಟಳು. "ಆಪಾ, ಮುಂದಿನವರಿಗೆ ಕೊಡಿ" ಎಂದಳು. ನಮ್ಮ ಬೀದಿಯಲ್ಲಿ ಈ ವರ್ಷ ಇನ್ನೊಬ್ಬ ಹುಡುಗಿ ನೀಟ್ ಬರೆದಿದ್ದಾಳೆ. ನನ್ನ ಅಕ್ಕನ ಮಗನೇ ಆ ನೋಟ್‌ಬುಕ್ ತೆಗೆದುಕೊಂಡು ಅವರ ಮನೆಗೆ ಹೋದ. "ನನಗೆ ಯಾರೂ ಕೇಳಲಿಲ್ಲ ಖಾಲಾ, ಇವಳಿಗೆ ನಾನು ಕೇಳುತ್ತೇನೆ" ಎಂದ.

ಸಹೋದರಿಯರೇ, ನಿಮ್ಮ ಮನೆಯಲ್ಲೂ ಒಂದು ಕರಪತ್ರ ಬಂದಿರಬಹುದು. ಒಡವೆಯ ಪೆಟ್ಟಿಗೆ ತೆರೆಯುವ ಮೊದಲು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಿ: ಇದನ್ನು ನಿನಗೆ ಯಾರು ಹೇಳಿದರು? ದುಆ ಮಾಡಲು ಆಮೇಲೆ ಬೇಕಾದಷ್ಟು ಸಮಯವಿದೆ. ವಿದ್ಯೆಗಾಗಿ ಮನೆ ಬಿಟ್ಟ ಎಲ್ಲ ಮಕ್ಕಳನ್ನೂ ಅಲ್ಲಾಹನು ಕಾಪಾಡಲಿ, ಸುರಕ್ಷಿತವಾಗಿ ಹಿಂದಿರುಗಿಸಲಿ. ಆಮೀನ್.